ಫೋಟೋದಲ್ಲಿ ಎಲ್ಲಕ್ಕಿಂತ ಹೊಸದು ಯಾವುದು?

ನಮ್ಮ ಮನೆಯ ಹಳೇ ಫೋಟೋಗಳಲ್ಲಿರುವ ಗಂಡಸರ ಬಗ್ಗೆ ತಿಳಿಯುವುದು ಅಂಥ ಕಷ್ಟವಲ್ಲ. ತಾತ ಲೋಯರ್ ಸೆಕೆಂಡರಿ ಪಾಸಾದ ಸರ್ಟಿಫಿಕೇಟ್ ಇದೆ. ಕೆಲಸಕ್ಕೆ ಸೇರಿದ ಆರ್ಡರ್ ಇದೆ. ತೋಟದ ಪತ್ರದಲ್ಲಿ ಅವರ ಸಹಿ ಇದೆ. ಅಜ್ಜಿಯರಿಗೆ ಇದ್ಯಾವುದೂ ಇಲ್ಲ. ಅವರು ಹುಟ್ಟಿದ ದಿನವನ್ನು ಯಾರೂ ಬರೆದಿಡಲಿಲ್ಲ. ಶಾಲೆಗೆ ಹೋದವರನ್ನೂ ಮೂರನೇ ಕ್ಲಾಸಿಗೇ ಬಿಡಿಸಿದರು. ಪತ್ರಗಳಲ್ಲಿ ಹೆಸರು ಬರಲಿಲ್ಲ. ಇಂಥವರೊಬ್ಬರು ಇದ್ದರು ಅನ್ನುವುದಕ್ಕೆ ಎಷ್ಟೋ ಸಲ ಉಳಿದಿರುವುದು ಒಂದೇ ಒಂದು ಫೋಟೋ. ಅದರ ಮೇಲೂ ತಾರೀಖಿಲ್ಲ. ಹಳೇ ಫೋಟೋಗಳ ಕಾಲ ಹುಡುಕುವುದಕ್ಕೆ ನಾನು ಇಷ್ಟು ಸಮಯ ಕೊಡುತ್ತಿರುವುದು ಇದಕ್ಕೇ.

ತಂದೆಯ ಕಡೆಯವರು ತಿಪಟೂರಿನವರು, ತಾಯಿಯ ಕಡೆಯವರು ಧಾರವಾಡದವರು. ಎರಡೂ ಮನೆಯ ಫೋಟೋಗಳು ಈಗ ನನ್ನ ಹತ್ತಿರ ಬಂದು ಸೇರಿವೆ. ಹೈಸ್ಕೂಲಿನಲ್ಲಿ ಇತಿಹಾಸ ಪಾಠ ಮಾಡಿದವಳು ನಾನು. ಶಾಸನದ ಕಾಲ ಗೊತ್ತುಮಾಡುವವರು ಲಿಪಿ ನೋಡುತ್ತಾರೆ, ರಾಜನ ಹೆಸರು ನೋಡುತ್ತಾರೆ, ಸಂವತ್ಸರ ನೋಡುತ್ತಾರೆ. ಫೋಟೋಗೂ ಅದೇ ದಾರಿ ಹಿಡಿದೆ. ಇಲ್ಲಿ ಲಿಪಿಯ ಜಾಗದಲ್ಲಿ ರವಿಕೆಯ ತೋಳು, ಕೋಟಿನ ಕಾಲರು, ತಲೆಕೂದಲು.

ಹಳೇ ಫೋಟೋ ಕೈಗೆ ಬಂದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ಅದರಲ್ಲಿರುವ ಹಳೇ ವಸ್ತುಗಳ ಕಡೆಗೆ. ರುಮಾಲು, ಬುಗುಡಿ, ವಂಕಿ, ಡಾಬು ಕಂಡ ಕೂಡಲೇ ‘ಅಬ್ಬಾ, ನೂರು ವರ್ಷದ ಫೋಟೋ’ ಅಂದುಬಿಡುತ್ತಾರೆ. ಒಡವೆಯಿಂದ ಕಾಲ ತಿಳಿಯುವುದು ತುಂಬಾ ಕಮ್ಮಿ. ಡಾಬು ಅತ್ತೆಯಿಂದ ಸೊಸೆಗೆ, ಸೊಸೆಯಿಂದ ಮೊಮ್ಮಗಳಿಗೆ ಬರುತ್ತದೆ. ರೇಷ್ಮೆ ಸೀರೆಯೂ ಹಾಗೆಯೇ. ಧಾರೆ ಸೀರೆಯನ್ನು ನಲವತ್ತು ವರ್ಷ ಹಬ್ಬಕ್ಕೆ ಉಟ್ಟವರಿದ್ದಾರೆ. ಹಳೇ ವಸ್ತು ಹೊಸ ಫೋಟೋದಲ್ಲಿ ಇರಬಹುದು. ಹೊಸ ವಸ್ತು ಹಳೇ ಫೋಟೋದಲ್ಲಿ ಇರಲು ಸಾಧ್ಯವೇ ಇಲ್ಲ. ಆದ್ದರಿಂದ ನಾನು ಮೊದಲು ಕೇಳಿಕೊಳ್ಳುವುದು ಒಂದೇ: ಇದರಲ್ಲಿ ಎಲ್ಲಕ್ಕಿಂತ ಹೊಸದು ಯಾವುದು? ಫೋಟೋ ತೆಗೆದದ್ದು ಅದು ಬಂದ ಮೇಲೆಯೇ.

ಹೊಸದು ಯಾವಾಗಲೂ ಸಿಗುವುದು ಚಿಕ್ಕ ವಯಸ್ಸಿನವರ ಮೈಮೇಲೆ. ಧಾರವಾಡದ ಮನೆಯ ಒಂದು ದೊಡ್ಡ ಗುಂಪಿನ ಫೋಟೋ ಇದೆ. ನಡುವೆ ಕುಳಿತಿರುವ ಮುತ್ತಜ್ಜಿ ಹದಿನೆಂಟು ಮೊಳದ ಇಳಕಲ್ ಸೀರೆಯನ್ನು ಕಚ್ಚೆ ಹಾಕಿ ಉಟ್ಟು, ತಲೆ ಮೇಲೆ ಸೆರಗು ಹೊದ್ದಿದ್ದಾರೆ. ಗುಳೇದಗುಡ್ಡದ ಖಣದ ಕುಬುಸ, ಮುಂದೆ ಗಂಟು. ಅವರೊಬ್ಬರನ್ನೇ ನೋಡಿದರೆ ಫೋಟೋ 1910ರದ್ದೋ 1950ರದ್ದೋ ಹೇಳಲಾಗದು. ಅವರು ಬದುಕಿರುವವರೆಗೂ ಹಾಗೆಯೇ ಉಟ್ಟರು. ಅವರ ಹಿಂದೆ ನಿಂತಿರುವ ಸೊಸೆಯಂದಿರಲ್ಲಿ ಇಬ್ಬರು ಕಚ್ಚೆ, ಒಬ್ಬಳು ಮಾತ್ರ ನೆರಿಗೆ ಸೀರೆ. ಕೊನೆಯಲ್ಲಿ ನಿಂತ ಕಿರಿಯ ಮಗಳು ಎರಡು ಜಡೆ ಹಾಕಿ, ಮೊಳಕೈವರೆಗೆ ಬರುವ ತೋಳಿನ ಬ್ಲೌಸ್ ತೊಟ್ಟಿದ್ದಾಳೆ, ಕೈಯಲ್ಲಿ ವಾಚು. ನಾನು ಲೆಕ್ಕಕ್ಕೆ ಹಿಡಿದದ್ದು ಆ ಹುಡುಗಿಯನ್ನು. ಅವಳಿಂದಾಗಿ ಇದು 50ರ ದಶಕದ ಫೋಟೋ ಅಂತ ಹೇಳಲು ಧೈರ್ಯ ಬಂತು.

ತೋಳಿನ ವಿಷಯ ಸ್ವಲ್ಪ ವಿವರವಾಗಿ ಹೇಳಬೇಕು. ನಮ್ಮ ಕಡೆ ಹೆಂಗಸರ ಉಡುಪಿನಲ್ಲಿ ಬೇಗ ಬದಲಾಗುತ್ತಿದ್ದ ಭಾಗ ಇದೊಂದೇ. ಸೀರೆಗೆ ದುಡ್ಡು ಜಾಸ್ತಿ, ಅದನ್ನು ಬದಲಿಸಲು ಆಗುತ್ತಿರಲಿಲ್ಲ. ರವಿಕೆಯ ತುಂಡು ಅಗ್ಗ. ದರ್ಜಿ ಹೊಸ ಮಾದರಿ ಕಲಿತು ಬಂದರೆ ಆ ವರ್ಷ ಬೀದಿಯ ಹೆಣ್ಣುಮಕ್ಕಳೆಲ್ಲ ಅದೇ ಹೊಲಿಸುತ್ತಿದ್ದರು. 1900ರ ಆಸುಪಾಸಿನ ಅನುಕೂಲಸ್ಥರ ಫೋಟೋಗಳಲ್ಲಿ ಕತ್ತು ಮುಚ್ಚುವ, ಲೇಸು ಹಚ್ಚಿದ ಉದ್ದ ತೋಳಿನ ಜಾಕೀಟು ಕಾಣುತ್ತದೆ. 30ರ ದಶಕ, 40ರ ದಶಕದಲ್ಲಿ ಭುಜದ ಹತ್ತಿರ ಉಬ್ಬಿದ ಪಫ್ ತೋಳು, ಸೆರಗಿಗೆ ಒಂದು ಬ್ರೂಚು. 50ರಲ್ಲಿ ಉಬ್ಬು ಹೋಗಿ ತೋಳು ಮೈಗೆ ಅಂಟಿ ಮೊಳಕೈವರೆಗೆ ಇಳಿಯುತ್ತದೆ. 60ರಲ್ಲಿ ತೋಳು ಗಿಡ್ಡವಾಗುತ್ತದೆ. ಪಟ್ಟಣದ ಕಾಲೇಜು ಹುಡುಗಿಯರಲ್ಲಿ ತೋಳೇ ಇಲ್ಲದ ಬ್ಲೌಸೂ ಬರುತ್ತದೆ, ನೆತ್ತಿಯ ಮೇಲೆ ಕೂದಲು ಉಬ್ಬುತ್ತದೆ. ಕೊನೆಗೆ 80ರ ದಶಕದಲ್ಲಿ ಪಫ್ ತೋಳು ಮತ್ತೆ ವಾಪಸ್. ಅಮ್ಮನಿಗೂ ಮಗಳಿಗೂ ಒಂದೇ ತೋಳು ಕಂಡು ಗಲಿಬಿಲಿ ಆಗುವುದು ಇಲ್ಲೇ. ಆಗ ಬಟ್ಟೆ ಹೇಗೆ ಇಳಿಬಿದ್ದಿದೆ ನೋಡಬೇಕು. ಗಂಜಿ ಹಾಕಿದ ಹತ್ತಿ ಸೀರೆ ಸೆಟೆದು ನಿಲ್ಲುತ್ತದೆ, ಮಡಿಕೆಯ ಗೆರೆ ಕಪ್ಪುಬಿಳುಪಿನಲ್ಲೂ ಕಾಣುತ್ತದೆ. ನೈಲಾನ್, ಪಾಲಿಯೆಸ್ಟರ್ ಸೀರೆ ಮೈಗೆ ಜಾರಿಕೊಂಡು ಇಳಿಯುತ್ತದೆ, ಸೆರಗಿನ ಒಳಗೆ ಬ್ಲೌಸಿನ ಅಂಚು ಮಬ್ಬಾಗಿ ಕಾಣುತ್ತದೆ. ಅಂಥ ಸೀರೆ ಇದ್ದರೆ ಅದು ಎರಡನೇ ಮಹಾಯುದ್ಧಕ್ಕಿಂತ ಹಿಂದಿನ ಫೋಟೋ ಆಗುವುದಿಲ್ಲ.

ಗಂಡಸರಲ್ಲಿ ನಾನು ಮೊದಲು ನೋಡುವುದು ತಲೆ. ಜುಟ್ಟು ಹೋಗಿ ಕ್ರಾಪು ಬಂದದ್ದು ನಮ್ಮ ಮನೆಗಳಲ್ಲಿ ದೊಡ್ಡ ಜಗಳದ ವಿಷಯವಾಗಿತ್ತಂತೆ. ಒಂದೇ ಫೋಟೋದಲ್ಲಿ ಅಪ್ಪನಿಗೆ ಜುಟ್ಟು, ಹಿರಿ ಮಗನಿಗೆ ಟೋಪಿ, ಕಿರಿ ಮಗನಿಗೆ ಬೈತಲೆ ತೆಗೆದ ಕ್ರಾಪು ಇರುತ್ತದೆ. ಟೋಪಿಯೂ ಹೇಳುತ್ತದೆ. ಬಿಳಿ ಗಾಂಧಿ ಟೋಪಿ ಊರೂರಿಗೆ ಹರಡಿದ್ದು 1920ರ ಅಸಹಕಾರ ಚಳವಳಿಯಿಂದ ಈಚೆಗೆ. ಆಮೇಲೆ ಪ್ಯಾಂಟು ಬರುತ್ತದೆ. ಹೊಟ್ಟೆಯ ಮೇಲಕ್ಕೆ ಕಟ್ಟಿದ ದೊಗಳೆ ಪ್ಯಾಂಟಾದರೆ 40–50ರ ದಶಕ, ಕಾಲಿಗೆ ಅಂಟಿದ ಕೊಳವೆ ಪ್ಯಾಂಟಾದರೆ 60ರ ದಶಕ, ಬೆಲ್ ಬಾಟಮ್, ಅಗಲ ಕಾಲರು, ಕೆನ್ನೆವರೆಗೆ ಇಳಿದ ಕೃದಾ ಆದರೆ 70ರ ದಶಕ. ಇದು ಎಲ್ಲರಿಗೂ ಗೊತ್ತು, ಅಲ್ವಾ.

ಎಷ್ಟೋ ಜನ ಮರೆಯುವುದು ಊರನ್ನು. 1956ರವರೆಗೆ ನಮ್ಮ ನಾಡು ಒಂದೇ ಆಡಳಿತದಲ್ಲಿ ಇರಲಿಲ್ಲ. ತಿಪಟೂರು ಮೈಸೂರು ಸಂಸ್ಥಾನ, ಧಾರವಾಡ ಮುಂಬಯಿ ಪ್ರಾಂತ್ಯ, ಮಂಗಳೂರು ಮದ್ರಾಸ್ ಪ್ರಾಂತ್ಯ, ಕಲಬುರಗಿ ನಿಜಾಮರದ್ದು, ಕೊಡಗು ಬೇರೆಯೇ. ಒಂದೇ ವರ್ಷ ತೆಗೆಸಿದ ಫೋಟೋದಲ್ಲಿ ನಮ್ಮ ತಿಪಟೂರಿನ ತಾತ ಮುಚ್ಚುಕೋಟು, ಜರಿ ಪೇಟ ಹಾಕಿದ್ದರೆ, ಧಾರವಾಡದ ಅಜ್ಜ ಧೋತರ, ಉದ್ದ ಅಂಗಿ, ಕರಿ ಟೋಪಿಯಲ್ಲಿ ಇದ್ದಾರೆ. ಕಲಬುರಗಿಯ ನೆಂಟರೊಬ್ಬರು ಶೇರ್ವಾನಿಯಲ್ಲಿದ್ದಾರೆ. ಕೊಡವ ಹೆಂಗಸರ ಸೀರೆಯ ನೆರಿಗೆ ಹಿಂದೆ. ಮೈಸೂರಿನ ಫೋಟೋ ನೋಡಿ ಕಲಿತ ಲೆಕ್ಕವನ್ನು ಬೀದರಿನ ಫೋಟೋಗೆ ಹಚ್ಚಬಾರದು. ಕರಾವಳಿ ಮತ್ತು ಧಾರವಾಡದ ಕಡೆಯವರಿಗೆ ಒಂದು ಅನುಕೂಲವಿದೆ. ಬಾಸೆಲ್ ಮಿಶನ್ನಿನವರು 1834ರಿಂದ ಇಲ್ಲಿದ್ದರು, ಅವರ ಕಾಲದ ಸಾವಿರಾರು ಫೋಟೋಗಳು ಬಾಸೆಲ್ ನಗರದ ಸಂಗ್ರಹದಲ್ಲಿವೆ, ಇಂಟರ್ನೆಟ್ಟಿನಲ್ಲೂ ಸಿಗುತ್ತವೆ. ಎಷ್ಟೋ ಫೋಟೋಗಳಿಗೆ ಊರು, ಕಾಲ ಎರಡೂ ಬರೆದಿದ್ದಾರೆ. ನಮ್ಮ ಫೋಟೋದ ಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೇದು ನನಗೆ ಸಿಕ್ಕಿಲ್ಲ.

ಸ್ಟುಡಿಯೋ ಫೋಟೋ ಆದರೆ ಸ್ವಲ್ಪ ಎಚ್ಚರ ಬೇಕು. ಕಂಬ, ಮೆಟ್ಟಿಲು, ತೋಟ ಬರೆದ ಪರದೆ ಸ್ಟುಡಿಯೋದ್ದು, ಹೂದಾನಿ ಸ್ಟುಡಿಯೋದ್ದು. ಎಷ್ಟೋ ಸಲ ಕೋಟು, ಟೈ ಕೂಡ ಸ್ಟುಡಿಯೋದ್ದೇ. ತೋಳು ಬೆರಳಿನವರೆಗೆ ಬಂದಿದ್ದರೆ, ಭುಜ ಇಳಿಬಿದ್ದಿದ್ದರೆ ಆ ಕೋಟು ಅವರದಲ್ಲ. ಬಣ್ಣ ಹಚ್ಚಿದ ಫೋಟೋಗಳಲ್ಲಿ ಸೀರೆಯ ಬಣ್ಣವನ್ನು ನಂಬಬೇಡಿ, ಅದು ಕುಂಚ ಹಿಡಿದವನ ಇಷ್ಟ. ಬಣ್ಣ ಇಲ್ಲದ ಹಳೇ ಫೋಟೋಗಳೂ ಬಣ್ಣದ ವಿಷಯದಲ್ಲಿ ದಾರಿ ತಪ್ಪಿಸುತ್ತವೆ. ಆಗ ಬಳಸುತ್ತಿದ್ದ ಗಾಜಿನ ಪ್ಲೇಟು, ಫಿಲಮುಗಳಲ್ಲಿ ಹೆಚ್ಚಿನವು ಕೆಂಪು ಬಣ್ಣವನ್ನು ಹಿಡಿಯುತ್ತಿರಲಿಲ್ಲ, ನೀಲಿಯನ್ನು ಮಾತ್ರ ಜಾಸ್ತಿ ಹಿಡಿಯುತ್ತಿದ್ದವು. ಹಾಗಾಗಿ ಕುಂಕುಮ ಕಪ್ಪು ಬೊಟ್ಟಾಗಿ ಕಾಣುತ್ತದೆ, ಕೆಂಪು ಸೀರೆ ಕಪ್ಪಾಗುತ್ತದೆ, ತಿಳಿ ನೀಲಿ ಸೀರೆ ಬಿಳಿಯಾಗುತ್ತದೆ. ಮುತ್ತಜ್ಜಿಯೊಬ್ಬರು ಬಿಳಿ ಸೀರೆಯಲ್ಲಿದ್ದಾರೆ ಅಂತ ವಿಧವೆ ಅಂದುಕೊಳ್ಳುವ ಮುಂಚೆ ಹಣೆ, ಕೊರಳು, ಕೈಬಳೆ ನೋಡಿ.

ಕಾಗದವನ್ನೂ ತಿರುಗಿಸಿ ನೋಡಬೇಕು. ದಪ್ಪ ರಟ್ಟಿಗೆ ಅಂಟಿಸಿ, ಕೆಳಗೆ ಸ್ಟುಡಿಯೋ ಹೆಸರನ್ನು ಉಬ್ಬು ಅಕ್ಷರದಲ್ಲಿ ಒತ್ತಿದ್ದರೆ ಒಂದು ಕಾಲ. ಹಿಂದೆ ವಿಳಾಸ ಬರೆಯುವ ಗೆರೆ ಇರುವ ಪೋಸ್ಟ್‌ಕಾರ್ಡ್ ಆದರೆ ಇನ್ನೊಂದು. ಅಂಗೈಯಗಲದ ಚೌಕ ಪ್ರಿಂಟು, ಸುತ್ತ ಬಿಳಿ ಅಂಚು ಇದ್ದರೆ ಮನೆಯಲ್ಲಿ ಯಾರಿಗೋ ಆಗ್ಫಾ ಕ್ಲಿಕ್ ತ್ರೀಯಂಥ ಕ್ಯಾಮೆರಾ ಬಂದಿತ್ತು ಅಂತ ಅರ್ಥ. ಒಂದು ರೋಲಿಗೆ ಹನ್ನೆರಡೇ ಫೋಟೋ. 60, 70ರ ದಶಕದಲ್ಲಿ ಮಧ್ಯಮ ವರ್ಗದ ಮನೆಗಳಲ್ಲಿ ಇದು ತುಂಬಾ ಇತ್ತು. ಊಟಿಯ ಹಿಂದೂಸ್ತಾನ್ ಫೋಟೋ ಫಿಲ್ಮ್ಸ್ ಶುರುವಾದದ್ದು 1960ರಲ್ಲಿ, ಅದರ ‘ಇಂದು’ ಕಾಗದದ ಪ್ರಿಂಟು ಅದಕ್ಕಿಂತ ಹಳೇದಾಗುವುದಿಲ್ಲ. ಆದರೆ ಪ್ರಿಂಟು ಹೊಸದಾದ ಮಾತ್ರಕ್ಕೆ ಚಿತ್ರ ಹೊಸದಲ್ಲ. ತಿಥಿಗೆ, ಗೋಡೆಗೆ ಅಂತ ಹಳೇ ಫೋಟೋದಿಂದ ಇನ್ನೊಂದು ಫೋಟೋ ತೆಗೆಸುವುದು ಎಲ್ಲ ಮನೆಯಲ್ಲೂ ಇತ್ತು. ಅಂಥ ನಕಲಿನಲ್ಲಿ ಮುಖ ಬೆಳ್ಳಗೆ ಕಾಗದದಂತಾಗಿ, ಹಳೇ ಫೋಟೋದ ಬಿರುಕು, ಗುಂಡುಪಿನ್ನಿನ ಗುರುತು ಚಿತ್ರದ ಒಳಗೇ ಸೇರಿಕೊಂಡಿರುತ್ತದೆ. ಬೆರಳಾಡಿಸಿ ನೋಡಿ. ಬಿರುಕು ಕಣ್ಣಿಗೆ ಕಂಡು ಬೆರಳಿಗೆ ಸಿಗದಿದ್ದರೆ ಅದು ನಕಲು.

ಮನೆಯಲ್ಲಿ ತೆಗೆದ ಫೋಟೋಗಳು ನನಗೆ ಸ್ಟುಡಿಯೋ ಫೋಟೋಗಳಿಗಿಂತ ಇಷ್ಟ. ಹಿಂದಿನ ಗೋಡೆ ಸುಮ್ನೆ ಇರುವುದಿಲ್ಲ. ತಿಪಟೂರಿನ ಪಡಸಾಲೆಯ ಒಂದು ಫೋಟೋದಲ್ಲಿ ಚಿಕ್ಕಪ್ಪನ ಭುಜದ ಹಿಂದೆ ಕ್ಯಾಲೆಂಡರ್ ಇದೆ. ಭೂತಕನ್ನಡಿಯಲ್ಲಿ ನೋಡಿದರೆ ಆಗಸ್ಟ್ ಅಂತ ಓದಬಹುದು, ಒಂದನೇ ತಾರೀಖು ಭಾನುವಾರದ ಸಾಲಿನಲ್ಲಿದೆ. ವರ್ಷ ಭುಜದ ಹಿಂದೆ ಹೋಗಿಬಿಟ್ಟಿದೆ. 60, 70ರ ದಶಕಗಳಲ್ಲಿ ಆಗಸ್ಟ್ ಒಂದು ಭಾನುವಾರ ಬಿದ್ದದ್ದು 1965, 1971, 1976ರಲ್ಲಿ. ಚಿಕ್ಕಪ್ಪ ತೊಟ್ಟಿರುವುದು ಬೆಲ್ ಬಾಟಮ್, ಆದ್ದರಿಂದ 1965 ಬಿಡಬಹುದು. ಉಳಿದ ಎರಡರಲ್ಲಿ ಯಾವುದು? ಕಂಬ ಹಿಡಿದು ನಿಂತ ಮಗು ನನ್ನ ದೊಡ್ಡಪ್ಪನ ಕೊನೆಯ ಮಗ, 1974ರಲ್ಲಿ ಹುಟ್ಟಿದವನು. ಎರಡು ವರ್ಷದ ಮಗುವಿನ ಹಾಗೆ ಕಾಲು ಅಗಲಿಸಿ ನಿಂತಿದ್ದಾನೆ. 1976 ಅಂತ ಬರೆದೆ. ಆದರೂ ಕ್ಯಾಲೆಂಡರನ್ನು ಒಂದನ್ನೇ ನಂಬಬಾರದು. ಲಕ್ಷ್ಮಿಯ ಚಿತ್ರ ಚೆನ್ನಾಗಿದೆ ಅಂತ ಮೂರು ವರ್ಷದ ಹಿಂದಿನ ಕ್ಯಾಲೆಂಡರನ್ನು ಹಾಗೇ ಬಿಟ್ಟಿರುವ ಗೋಡೆಗಳು ನಮ್ಮಲ್ಲಿ ಬೇಕಾದಷ್ಟಿವೆ. ಮಗು ಇದ್ದದ್ದರಿಂದ ಧೈರ್ಯ ಬಂತು.

ಗಾಡಿಗಳೂ ಒಳ್ಳೆ ಸಾಕ್ಷಿ. ಮೈಸೂರಿನ ಐಡಿಯಲ್ ಜಾವಾ ಮೋಟಾರ್‌ಸೈಕಲ್ ಕಾರ್ಖಾನೆ 1961ರಲ್ಲಿ ಶುರುವಾಯಿತು. ಟ್ಯಾಂಕಿನ ಮೇಲೆ ಜಾವಾ ಅಂತ ಇದ್ದರೆ ಆಮೇಲಿನದು, ಯೆಜ್ಡಿ ಅಂತ ಇದ್ದರೆ 1973ರಿಂದ ಈಚಿನದು. ನಂಬರ್ ಪ್ಲೇಟ್ ಎಂವೈ ಅಕ್ಷರದಿಂದ ಶುರುವಾದರೆ ಮೈಸೂರು ರಾಜ್ಯದ ಕಾಲದ ನೋಂದಣಿಯ ಗಾಡಿ. ಕೆಎ ಬಂದದ್ದು 1989ರಲ್ಲಿ. ಹಿಂದೆ ವಿಧಾನಸೌಧ ಪೂರ್ತಿಯಾಗಿ ನಿಂತಿದ್ದರೆ 1956ರ ನಂತರ.

ಮೊಗ್ಗಿನ ಜಡೆಯ ಫೋಟೋ ಬಗ್ಗೆ ಹೇಳದೆ ಮುಂದೆ ಹೋಗಲಾರೆ. ಹುಡುಗಿಯನ್ನು ಕನ್ನಡಿಯ ಮುಂದೆ ನಿಲ್ಲಿಸಿ, ಮುಖವೂ ಬರುವಂತೆ, ಬೆನ್ನ ಮೇಲಿನ ಜಡೆ ಕನ್ನಡಿಯಲ್ಲಿ ಕಾಣುವಂತೆ ತೆಗೆಯುತ್ತಿದ್ದರಲ್ಲ, ಅದು. ನಮ್ಮ ಅಮ್ಮ, ಅವರ ತಂಗಿಯರು, ನಾನು, ಎಲ್ಲರದ್ದೂ ಇದೆ. ವರ್ಷ ಗೊತ್ತಿಲ್ಲದಿದ್ದರೂ ತಿಂಗಳು ಹೇಳಬಹುದು. ಮಲ್ಲಿಗೆ ಮೊಗ್ಗು ರಾಶಿ ರಾಶಿ ಅಗ್ಗವಾಗಿ ಸಿಗುವುದು ಬೇಸಿಗೆಯಲ್ಲಿ, ಶಾಲೆಗೆ ರಜೆ ಇರುವುದೂ ಆಗಲೇ. ಅಮ್ಮನ ಫೋಟೋದಲ್ಲಿ ಮೊಗ್ಗುಗಳು ಒಂದೂ ಅರಳಿಲ್ಲ. ಹೆಣೆದ ಸಂಜೆಯೇ, ಬಿಸಿಲಿಳಿಯುವ ಮುಂಚೆ, ಸ್ಟುಡಿಯೋಗೆ ಕರೆದುಕೊಂಡು ಹೋಗಿದ್ದಾರೆ.

ಈಗ ನನಗೆ ಎಲ್ಲಕ್ಕಿಂತ ಮುಖ್ಯವಾದ ಫೋಟೋಗೆ ಬರುತ್ತೇನೆ. ಪೋಸ್ಟ್‌ಕಾರ್ಡ್ ಅಳತೆಯದು. ತಾತ ಕುರ್ಚಿಯಲ್ಲಿ ಕುಳಿತಿದ್ದಾರೆ. ಮುಚ್ಚುಕೋಟು, ಪೇಟ, ಮೊಣಕಾಲ ಮೇಲೆ ಕೈ. ಪಕ್ಕದಲ್ಲಿ ಹದಿನೆಂಟು ಇಪ್ಪತ್ತರ ಹೆಂಗಸು ನಿಂತಿದ್ದಾಳೆ. ಆ ಕಾಲದ ಜೋಡಿ ಫೋಟೋಗಳಲ್ಲಿ ಗಂಡ ಕೂರುವುದು, ಹೆಂಡತಿ ನಿಲ್ಲುವುದು ಸಾಮಾನ್ಯ. ನೆರಿಗೆ ಸೀರೆ, ಪಫ್ ತೋಳು, ಎಡ ಭುಜದಲ್ಲಿ ಎಲೆಯಾಕಾರದ ಬ್ರೂಚು. ಎಡಗಡೆಯ ಅಂಚಿನಲ್ಲಿ ಲಂಗ ತೊಟ್ಟ ಪುಟ್ಟ ಹುಡುಗಿ. ಮನೆಯಲ್ಲಿ ಎಲ್ಲರೂ ‘ತಾತ, ಅಜ್ಜಿ, ಮದುವೆಯಾದ ಹೊಸದರಲ್ಲಿ’ ಅಂತಲೇ ಹೇಳುತ್ತಿದ್ದರು. ಹಿಂದುಗಡೆ ಮಾಸಿದ ಶಾಯಿಯಲ್ಲಿ ತಾತನ ಅಕ್ಷರ: ‘ಈಶ್ವರ ಸಂ. ಮಾಘ ಶು. 10’.

ಸಂವತ್ಸರ ಅರುವತ್ತು ವರ್ಷಕ್ಕೊಮ್ಮೆ ತಿರುಗುತ್ತದೆ. ಈಶ್ವರ ಬರುವುದು 1877ರಲ್ಲಿ, 1937ರಲ್ಲಿ, 1997ರಲ್ಲಿ. ಪಫ್ ತೋಳು, ಪೋಸ್ಟ್‌ಕಾರ್ಡ್ ಕಾಗದ, ತಾತನ ವಯಸ್ಸು, ಮೂರೂ ನಡುವಿನದನ್ನೇ ಹೇಳುತ್ತವೆ. 1937ರ ಯುಗಾದಿಗೆ ಶುರುವಾದ ಸಂವತ್ಸರದ ಮಾಘ ಅಂದರೆ ಇಂಗ್ಲಿಷ್ ಲೆಕ್ಕದಲ್ಲಿ 1938ರ ಫೆಬ್ರವರಿ. ಇಲ್ಲೇ ತೊಡಕು. ಅಜ್ಜಿ ತನ್ನ ಮದುವೆಯ ಬಗ್ಗೆ ಹೇಳುತ್ತಿದ್ದದ್ದು ನನಗೆ ಚೆನ್ನಾಗಿ ನೆನಪಿದೆ. ಯುದ್ಧದ ಕಾಲ, ಸೀಮೆಎಣ್ಣೆ ಸಿಗದೆ ಹರಳೆಣ್ಣೆ ದೀಪದಲ್ಲಿ ಅಡುಗೆಯವರು ಕೆಲಸ ಮಾಡಿದರು ಅನ್ನುತ್ತಿದ್ದರು. ಆಗ ಅವರಿಗೆ ಹದಿನೈದು. ಅವರ ಮೊದಲ ಮಗ, ನಮ್ಮ ದೊಡ್ಡಪ್ಪ, ಹುಟ್ಟಿದ್ದು 1946ರಲ್ಲಿ. 1938ರಲ್ಲಿ ಅಜ್ಜಿಗೆ ಒಂಬತ್ತು ಹತ್ತು ವರ್ಷ ಇರಬೇಕು. ಫೋಟೋದಲ್ಲಿ ನಿಂತಿರುವವರು ಅವರಾಗಲು ಸಾಧ್ಯವಿಲ್ಲ.

ತಾತನ ಕೊನೆಯ ತಂಗಿ ತುಮಕೂರಿನಲ್ಲಿದ್ದಾರೆ, ತೊಂಬತ್ತು ದಾಟಿದೆ. ಅವರ ಹತ್ತಿರ ಫೋಟೋ ತೆಗೆದುಕೊಂಡು ಹೋದೆ. ಹಿರಿಯರನ್ನು ‘ಇದು ಯಾವ ವರ್ಷ’ ಅಂತ ಕೇಳಿ ಪ್ರಯೋಜನವಿಲ್ಲ. ಆಗ ಯಾವ ಮನೆಯಲ್ಲಿದ್ದಿರಿ, ಮನೆಗೆ ಕರೆಂಟು ಬಂದಿತ್ತಾ, ಯಾರು ಬಸುರಿ, ಯಾರು ಬಾಣಂತಿ, ಕೊಟ್ಟಿಗೆಯಲ್ಲಿ ಯಾವ ಹಸು ಇತ್ತು ಅಂತ ಕೇಳಬೇಕು. ಆಗ ನೆನಪು ಬರುತ್ತದೆ. ನಾನು ಮೊದಲು ಅಂಚಿನಲ್ಲಿರುವ ಹುಡುಗಿಯನ್ನು ತೋರಿಸಿದೆ. ಆ ಹುಡುಗಿಯ ಬಾಯಿ ಸ್ವಲ್ಪ ತೆರೆದಿದೆ, ಮೇಲಿನ ಎರಡು ಹಲ್ಲಿನ ಜಾಗ ಖಾಲಿ. ಹಲ್ಲು ಬೀಳುವುದು ಆರು ಏಳು ವರ್ಷಕ್ಕೆ. ಚಿಕ್ಕಜ್ಜಿ ಫೋಟೋವನ್ನು ಕಣ್ಣಿನ ಹತ್ತಿರ ಹಿಡಿದು ‘ಇದು ನಾನೇ ಕಣೇ, ಈ ಲಂಗದ ಅಂಚು ಹಸಿರು’ ಅಂದರು. ಅವರು ಹುಟ್ಟಿದ್ದು ಪ್ರಜೋತ್ಪತ್ತಿ ಸಂವತ್ಸರ, ಅಂದರೆ 1931–32. ಹಲ್ಲಿನ ಲೆಕ್ಕ, ಸಂವತ್ಸರದ ಲೆಕ್ಕ, ತೋಳಿನ ಲೆಕ್ಕ ಒಂದಕ್ಕೊಂದು ಕೂಡಿತು.

ಆಮೇಲೆ ನಾನು ಏನೂ ಕೇಳಬೇಕಾಗಲಿಲ್ಲ. ‘ಇವಳು ನಮ್ಮ ಮೊದಲ್ನೇ ಅತ್ತಿಗೆ’ ಅಂದರು. ಮಾರನೇ ವರ್ಷ ಬಾಣಂತಿ ಸನ್ನಿಯಲ್ಲಿ ತೀರಿಕೊಂಡರಂತೆ. ಮಗುವೂ ಉಳಿಯಲಿಲ್ಲ. ತಾತ ಆಮೇಲೆ ಎಷ್ಟೋ ವರ್ಷ ಮದುವೆ ಬೇಡ ಅಂದಿದ್ದರಂತೆ. ನಮ್ಮ ಅಜ್ಜಿ ಮನೆಗೆ ಬಂದ ಮೇಲೆ ಈ ವಿಷಯ ಎತ್ತುವುದು ಸರಿಯಲ್ಲ ಅಂತ ಎಲ್ಲರೂ ಬಿಟ್ಟರು, ಬಿಟ್ಟದ್ದು ಮರೆತೇ ಹೋಯಿತು. ಜಡೆ ಹಾಕುವಾಗ ನೋಯಿಸುತ್ತಿರಲಿಲ್ಲ, ತಿಪಟೂರಿನ ಸಂತೆಯಿಂದ ತಂದ ಕೊಬ್ಬರಿ ಮಿಠಾಯಿಯನ್ನು ಸೆರಗಿನಲ್ಲಿ ಮುಚ್ಚಿಟ್ಟು ಕೊಡುತ್ತಿದ್ದರು, ಇಷ್ಟು ಚಿಕ್ಕಜ್ಜಿಗೆ ನೆನಪಿದೆ. ಹೆಸರೂ ಹೇಳಿದರು. ಮನೆಯವರನ್ನೆಲ್ಲ ಇನ್ನೂ ಕೇಳಿಲ್ಲವಾದ್ದರಿಂದ ಇಲ್ಲಿ ಬರೆಯುವುದಿಲ್ಲ. ವಂಶವೃಕ್ಷದಲ್ಲಿ ತಾತನ ಪಕ್ಕ, ಅಜ್ಜಿಯ ಹೆಸರಿಗಿಂತ ಮೊದಲು ಬರೆದಿದ್ದೇನೆ. ಫೋಟೋದ ಹಿಂದೆಯೂ ಮೆತ್ತಗಿನ ಪೆನ್ಸಿಲಿನಲ್ಲಿ ಬರೆದೆ. ಬಾಲ್‌ಪೆನ್ ಬೇಡ, ಗೆರೆ ಮುಂದಕ್ಕೆ ಒತ್ತಿ ಮೂಡುತ್ತದೆ.

ಅವರ ತೌರುಮನೆ ಅರಸೀಕೆರೆ ಕಡೆಯ ಒಂದು ಹಳ್ಳಿ. ಅಣ್ಣನ ಮೊಮ್ಮಕ್ಕಳು ಅದೇ ಮನೆಯಲ್ಲಿದ್ದಾರಂತೆ. ಅವರಿಗೆ ಫೋನ್ ಮಾಡಿದ್ದೇನೆ. ಅಟ್ಟದ ಮೇಲೆ ಒಂದು ಟ್ರಂಕು ಇದೆ, ಅದರಲ್ಲಿ ಯಾರದೋ ಫೋಟೋಗಳಿವೆ, ಯಾರೆಂದು ನಮಗೆ ಗೊತ್ತಿಲ್ಲ ಅಂದರು. ನಮ್ಮ ಫೋಟೋದ ಎರಡೂ ಮಗ್ಗುಲಿನ ಕಾಪಿ ಮಾಡಿಸಿಟ್ಟಿದ್ದೇನೆ. ಮೊದಲು ಹುಡುಕಬೇಕಾದದ್ದು ಆ ಎಲೆಯಾಕಾರದ ಬ್ರೂಚನ್ನು.